ವಿಸ್ಮಯ ಪಾರ್ಕಿನ ಪ್ರವಾಸ: ಮಕ್ಕಳ ಊಟದ ಬಗ್ಗೆ ಪೋಷಕರಿಗೆ ಒಂದು ಪತ್ರ

ಬದಿಯಡ್ಕ
ಜನವರಿ 6, 2026

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ತಿಂಗಳ 24ನೇ ತಾರೀಖು ಶನಿವಾರ ಮೂರರಿಂದ ಏಳನೇ ತರಗತಿವರೆಗಿನ ಮಕ್ಕಳನ್ನು ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ ಅನ್ನುವ ನೀರಾಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬಸ್ಸು, ಟಿಕೆಟ್, ನೀರಿಗಿಳಿಯುವ ಬಟ್ಟೆ, ಟವೆಲ್ ಇದನ್ನೆಲ್ಲ ಕ್ಲಾಸ್ ಟೀಚರುಗಳು ಡೈರಿಯಲ್ಲಿ ಬರೆಸಿದ್ದಾರೆ. ನಾನು ಬರೆಯುತ್ತಿರುವುದು ಊಟದ ಬಗ್ಗೆ ಮಾತ್ರ. ಒಂದು ದಿನದ ಊಟಕ್ಕೆ ಇಷ್ಟುದ್ದ ಪತ್ರ ಯಾಕೆ ಅಂತ ನಿಮಗೆ ಅನಿಸಬಹುದು. ಕಾರಣ ಇದೆ.

ಮೂರು ವರ್ಷದ ಹಿಂದೆ ನಾವು ಬೇರೊಂದು ಪಾರ್ಕಿಗೆ ಹೋಗಿದ್ದೆವು. ಊಟಕ್ಕೆ ಮೊದಲೇ ಏನೂ ಹೇಳಿ ಇಟ್ಟಿರಲಿಲ್ಲ. ಒಳಗೆ ಅಂಗಡಿಗಳಿವೆ, ಮಕ್ಕಳು ಬೇಕಾದ್ದು ತೆಗೆದುಕೊಂಡು ತಿನ್ನಲಿ ಅಂತ ಬಿಟ್ಟಿದ್ದೆವು. ಒಂದೂವರೆಗೆ ಎಲ್ಲರೂ ನೀರಿನಿಂದ ಎದ್ದು ಒಟ್ಟಿಗೇ ಬಂದರು. ಬೇರೆ ಶಾಲೆಯವರೂ ಅದೇ ಹೊತ್ತಿಗೆ ಬಂದರು. ಸಾಲು ಮುಂದೆ ಹೋಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ನಿಂತ ಸಣ್ಣ ಮಕ್ಕಳ ತುಟಿ ನಡುಗುತ್ತಿತ್ತು. ಮೂರನೇ ತರಗತಿಯ ಒಬ್ಬಳಿಗೆ ಕೊನೆಗೆ ಸಿಕ್ಕಿದ್ದು ಕೆಂಪು ಕೆಂಪು ಗೋಬಿ ಮಂಚೂರಿ. ಎರಡು ತುಂಡು ತಿಂದಳು, ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಉಳಿದದ್ದು ಬಿಟ್ಟು ಬಣ್ಣದ ಸೋಡ ಕುಡಿದಳು. ಬರುವಾಗ ಬಸ್ಸಿನಲ್ಲಿ ಎರಡು ಸಲ ವಾಂತಿ.

ಅದಕ್ಕಿಂತಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಆರನೇ ತರಗತಿಯ ಒಬ್ಬ ಹುಡುಗ ಕಂಬದ ಹತ್ತಿರ ನಿಂತು ದರದ ಬೋರ್ಡನ್ನೇ ನೋಡುತ್ತಿದ್ದ. ಮೇಲಿಂದ ಕೆಳಗೆ ಓದುವುದು, ಮತ್ತೆ ಮೇಲಿಂದ. ಹತ್ತಿರ ಹೋಗಿ, ಊಟ ಆಯ್ತಾ ಅಂತ ಕೇಳಿದೆ. "ಹಸಿವಿಲ್ಲ ಟೀಚರ್" ಅಂದ. ಮುಷ್ಟಿಯಲ್ಲಿ ಐವತ್ತರ ಒಂದು ನೋಟಿತ್ತು, ಒದ್ದೆಯಾಗಿ ಮುದ್ದೆಯಾಗಿತ್ತು. ಆ ಬೋರ್ಡಿನಲ್ಲಿ ಐವತ್ತು ರೂಪಾಯಿಗೆ ಹೊಟ್ಟೆ ತುಂಬುವಂಥದ್ದು ಒಂದೂ ಇರಲಿಲ್ಲ. ಕೈ ಹಿಡಿದು ಕರೆದುಕೊಂಡು ಬಂದು ನನ್ನ ಜೊತೆ ಕೂರಿಸಿಕೊಂಡೆ. ತಲೆ ಎತ್ತದೆ ಉಂಡ. ತಪ್ಪು ಅವನದ್ದೂ ಅಲ್ಲ, ಅವನ ಮನೆಯವರದ್ದೂ ಅಲ್ಲ. ಮೊದಲೇ ಯೋಚನೆ ಮಾಡದ ನನ್ನದು.

ಹಾಗಾಗಿ ಈ ಸಲ ಹಸಿವಾದ ಮೇಲೆ ಜಾಗ ಹುಡುಕುವ ಕೆಲಸ ಬೇಡ ಅಂತ ತೀರ್ಮಾನ ಮಾಡಿದೆವು. ಡಿಸೆಂಬರಿನ ಒಂದು ಶನಿವಾರ ನಾನು, ಪಿಟಿಎ (ಪೋಷಕ-ಶಿಕ್ಷಕ ಸಂಘ) ಅಧ್ಯಕ್ಷರು, ಮದರ್ ಪಿಟಿಎಯ ಇಬ್ಬರು ತಾಯಂದಿರು ಪರಶ್ಶಿನಿಕಡವಿಗೆ ಹೋಗಿ ಪಾರ್ಕಿನ ಒಳಗೂ ಹೊರಗೂ ಊಟದ ಜಾಗಗಳನ್ನು ನೋಡಿಬಂದೆವು. ದಾರಿಬದಿಯ ಹೋಟೆಲುಗಳಿಗೂ ಇಳಿದೆವು.

ಮೆನು ನೋಡುವ ಮೊದಲು ಕೈ ತೊಳೆಯುವ ಜಾಗ ನೋಡಬೇಕು ಅಂತ ಅಂದದ್ದು ಆ ತಾಯಂದಿರಲ್ಲಿ ಒಬ್ಬರು. ಅವರ ಮಾತು ಎಷ್ಟು ಸರಿ ಅಂತ ಮೊದಲ ಹೋಟೆಲಿನಲ್ಲೇ ಗೊತ್ತಾಯಿತು. ಗೋಡೆ ತುಂಬ ಬಿರಿಯಾನಿಯ ದೊಡ್ಡ ದೊಡ್ಡ ಚಿತ್ರ, ಎ.ಸಿ. ರೂಮು ಬೇರೆ. ಆದರೆ ಬೇಸಿನ್ ನನ್ನ ಎದೆಯ ಎತ್ತರಕ್ಕಿತ್ತು, ಸೋಪಿನ ಡಬ್ಬಿ ಖಾಲಿ. ಮೂರನೇ ತರಗತಿಯ ಮಗು ಅಲ್ಲಿ ಕೈ ತೊಳೆಯುವುದು ಹೇಗೆ? ಬೆರಳ ತುದಿ ಒದ್ದೆ ಮಾಡಿಕೊಂಡು ಬಂದು ಊಟಕ್ಕೆ ಕೂರುತ್ತದೆ. ಇನ್ನೊಂದು ಹೋಟೆಲು ನೋಡಲು ತೀರಾ ಸಾದಾ. ಆದರೆ ಬೇಸಿನ್ ಕೆಳಗೆ ಒಂದು ಮರದ ಮಣೆ ಇಟ್ಟಿದ್ದರು, ಸಣ್ಣ ಮಕ್ಕಳು ಹತ್ತಿ ನಿಲ್ಲಲಿಕ್ಕೆ. ಯಾರೂ ಕೇಳದೆ ಇಟ್ಟದ್ದು. ಮಕ್ಕಳು ಬರುತ್ತಾರೆ ಅಂತ ನೆನಪಿಟ್ಟುಕೊಂಡ ಜಾಗ ಅದು. ಹೋಗುವಾಗ ಬೆಳಗ್ಗಿನ ತಿಂಡಿಗೆ ಬಸ್ಸು ನಿಲ್ಲುವುದು ಅಲ್ಲೇ.

ಎರಡನೆಯದು ಕುಡಿಯುವ ನೀರು. ನಮ್ಮ ಕಡೆಯ ಹೋಟೆಲುಗಳಲ್ಲಿ ಪತಿಮುಖಂ ಅನ್ನುವ ಮರದ ಚಕ್ಕೆ ಹಾಕಿದ ನಸುಗೆಂಪು ಬಿಸಿನೀರು ಕೊಡುತ್ತಾರೆ, ನಿಮಗೆಲ್ಲ ಗೊತ್ತೇ ಇದೆ. ಬಣ್ಣ ಇದೆ ಅಂದ ಮಾತ್ರಕ್ಕೆ ಕುದಿಸಿದ ನೀರು ಅಂತ ಅಲ್ಲ. ಕುದಿಸಿದ ಬಿಸಿನೀರಿಗೆ ತಣ್ಣೀರು ಬೆರೆಸಿ ಕೊಡುವವರೂ ಇದ್ದಾರೆ. ಹಳದಿಕಾಮಾಲೆ ಹರಡುವುದು ಹೆಚ್ಚಾಗಿ ಇಂಥ ನೀರಿನಿಂದಲೇ. ಅದಕ್ಕೇ ನಾವು ಹೋದಲ್ಲೆಲ್ಲ ಅಡುಗೆಮನೆಯವರನ್ನೇ ನೇರವಾಗಿ ಕೇಳಿದೆವು. ಕೆಲವರಿಗೆ ಸಿಟ್ಟು ಬಂತು, ಕೆಲವರು ಒಳಗೆ ಕರೆದು ಕುದಿಯುವ ಪಾತ್ರೆಯನ್ನೇ ತೋರಿಸಿದರು. ಮಕ್ಕಳ ವಿಷಯದಲ್ಲಿ ಸಂಕೋಚ ಮಾಡಿ ಪ್ರಯೋಜನ ಇಲ್ಲ ಅಲ್ವಾ?

ಗೋಡೆಯಲ್ಲಿ ಆಹಾರ ಸುರಕ್ಷಾ ಲೈಸೆನ್ಸ್ ತೂಗುಹಾಕಿದ್ದಾರಾ ಅಂತಲೂ ನೋಡಿದೆವು. ಅದರಲ್ಲಿ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರ್ ಇರುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ಹೆಣ್ಣುಮಕ್ಕಳಿಗೆ ಬೇರೆ ಇದೆಯಾ ಅಂತ ನೋಡಿದೆವು. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮಧ್ಯಾಹ್ನದ ಊಟ ಪಾರ್ಕಿನ ಒಳಗೇ. ಹೊರಗೆ ಬಂದು ಊಟ ಮಾಡಿ ಮತ್ತೆ ಒಳಗೆ ಹೋಗುವುದು ಇಂಥ ಜಾಗಗಳಲ್ಲಿ ಸುಲಭ ಅಲ್ಲ, ಹೊತ್ತೂ ಹಾಳು. ಶಾಲೆಯ ಗುಂಪಿಗೆ ಟಿಕೆಟಿನ ಜೊತೆ ಊಟವನ್ನೂ ಸೇರಿಸಿ ಮಾತಾಡಿದ್ದೇವೆ. ಎಲ್ಲರಿಗೂ ಒಂದೇ ಊಟ: ಅನ್ನ, ಖಾರ ಕಡಿಮೆ ಇರುವ ಸಾಂಬಾರು, ಪಲ್ಯ, ಹಪ್ಪಳ, ಮೊಸರು. ಐಟಂ ಕಡಿಮೆ ಅಂತ ಮಕ್ಕಳು ಗೊಣಗಬಹುದು. ಗೊಣಗಲಿ. ನಮ್ಮ ಶಾಲೆಯಲ್ಲಿ ದಿನಾ ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಮೀನು ಇಲ್ಲದೆ ಊಟ ಇಳಿಯದ ಮನೆಯ ಮಕ್ಕಳು, ನೀರುಳ್ಳಿಯನ್ನೂ ತಿನ್ನದ ಮನೆಯ ಮಕ್ಕಳು, ಹಲಾಲ್ ಅಲ್ಲದೆ ಮಾಂಸ ಮುಟ್ಟದ ಮನೆಯ ಮಕ್ಕಳು ಎಲ್ಲ ಅಲ್ಲಿದ್ದಾರೆ. ಪಾರ್ಕಿನಲ್ಲೂ ಅದೇ ಸಾಲು ಇರಬೇಕು ಅಂತ ನನ್ನ ಆಸೆ. ನೀರುಳ್ಳಿ, ಬೆಳ್ಳುಳ್ಳಿ ಬೇಡದವರಿಗೆ ಬೇರೆ ಪಲ್ಯ ತೆಗೆದಿಡುತ್ತಾರೆ, ಹೇಳಿದ್ದೇವೆ.

ಊಟದ ಹೊತ್ತು 12 ಗಂಟೆ. ಇದು ಬೇಗ ಆಯಿತು ಅಂತ ಅನಿಸುತ್ತದೆ. ಆದರೆ ಬೆಳಗ್ಗೆ 8ಕ್ಕೆ ತಿಂಡಿ ತಿಂದು, ನೀರಿನಲ್ಲಿ ಆಡಿದ ಮಗುವಿಗೆ 12ಕ್ಕೇ ಹೊಟ್ಟೆ ಚುರುಗುಟ್ಟುತ್ತದೆ. ಆಟದ ಗಮ್ಮತ್ತಿನಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ಒಂದು ಗಂಟೆ ದಾಟಿದರೆ ಹಾಲ್ ತುಂಬುತ್ತದೆ, ಕೂರಲು ಬೆಂಚೂ ಸಿಗುವುದಿಲ್ಲ. ಮೂರು, ನಾಲ್ಕನೇ ತರಗತಿಯವರು ಮೊದಲು. ದೊಡ್ಡವರು ಆಮೇಲೆ. ಊಟಕ್ಕೆ ಮೊದಲು ಒದ್ದೆ ಬಟ್ಟೆ ಬದಲಾಯಿಸಿ ತಲೆ ಒರೆಸಿಕೊಳ್ಳಬೇಕು. ಊಟ ಆದ ಮೇಲೆ ಮುಕ್ಕಾಲು ಗಂಟೆ ತಿರುಗುವ, ಮೇಲೆ ಕೆಳಗೆ ಹಾರಿಸುವ ಆಟ ಯಾವುದೂ ಇಲ್ಲ. ಹೊಟ್ಟೆ ತುಂಬಿದಾಗ ತಿರುಗಿದರೆ ಏನಾಗುತ್ತದೆ ಅಂತ ನಾವು ಬಸ್ಸು ತೊಳೆದು ಕಲಿತಿದ್ದೇವೆ. ಆ ಹೊತ್ತಿಗೆ ನೆರಳಿನಲ್ಲಿ ಅಂತ್ಯಾಕ್ಷರಿ.

ಇನ್ನು ಶವರ್ಮ, ಮಯೋನೈಸ್ ಹಾಕಿದ ಬರ್ಗರ್, ಅಲ್‌ಫಾಮ್ (ಕೆಂಡದಲ್ಲಿ ಸುಟ್ಟ ಕೋಳಿ) ಬಗ್ಗೆ. ಏಳನೇ ತರಗತಿಯ ಹುಡುಗರು ಈಗಲೇ ಕೇಳಲು ಶುರು ಮಾಡಿದ್ದಾರೆ. ಈ ಪ್ರವಾಸದಲ್ಲಿ ಅದು ಬೇಡ. ನಾವು ಹೋಗುವುದು ಚೆರ್ಕಳದಿಂದ ಹೈವೇ ಹಿಡಿದು, ನೀಲೇಶ್ವರ, ಚೆರುವತ್ತೂರು ದಾಟಿ. ಅದೇ ಚೆರುವತ್ತೂರಿನಲ್ಲಿ 2022ರಲ್ಲಿ ಶವರ್ಮ ತಿಂದು ಹಲವರು ಆಸ್ಪತ್ರೆ ಸೇರಿದರು. ಮೇ ತಿಂಗಳಲ್ಲಿ ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡಳು. ಶಿಗೆಲ್ಲ ಅನ್ನುವ ಬ್ಯಾಕ್ಟೀರಿಯಾ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ನಡೆದದ್ದು ಅದು. ಆ ಊರು ದಾಟುವಾಗೆಲ್ಲ ನನಗೆ ನೆನಪಾಗುತ್ತದೆ. ಮರುವರ್ಷ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು. ಪಾರ್ಸೆಲ್ ಮೇಲೆ ತಯಾರಾದ ಹೊತ್ತು ಬರೆದಿರಬೇಕು, ಎರಡು ಗಂಟೆಯೊಳಗೆ ತಿನ್ನಬೇಕು ಅಂತಲೂ ಹೇಳಿತು. ಮಾಂಸ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಬೇಯದ ಮಾಂಸ, ಬೇಯಿಸಿ ಗಂಟೆಗಟ್ಟಲೆ ಹಾಗೇ ಇಟ್ಟ ಮಾಂಸ ಕೆಟ್ಟದ್ದು. ಜನಜಂಗುಳಿಯ ಜಾಗದಲ್ಲಿ ಇಷ್ಟೊಂದು ಮಕ್ಕಳಿಗೆ ಅದನ್ನು ನೋಡಿ ನೋಡಿ ಕೊಡಿಸಲು ನಮ್ಮಿಂದ ಆಗುವುದಿಲ್ಲ. ಐಸ್ ಹಾಕಿದ ಜ್ಯೂಸಿಗೂ ಇದೇ ಮಾತು, ಆ ಐಸ್ ಯಾವ ನೀರಿನದ್ದೋ ಯಾರಿಗೆ ಗೊತ್ತು. ಕವರಿನ ಐಸ್‌ಕ್ರೀಮ್ ಒಂದು, ಶಾಲೆಯ ಲೆಕ್ಕದಲ್ಲೇ, ಮೂರು ಗಂಟೆಗೆ ಎಲ್ಲರಿಗೂ ಸಿಗುತ್ತದೆ.

ಈಗ ನಿಮ್ಮಿಂದ ಆಗಬೇಕಾದ್ದು.

ಬಸ್ಸು ಶಾಲೆಯಿಂದ ಹೊರಡುವುದು ಬೆಳಗ್ಗೆ 6.15ಕ್ಕೆ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಒಂದು ಬಾಳೆಹಣ್ಣು, ಎರಡು ಬಿಸ್ಕೆಟ್ ಸಾಕು. ಬೆಳಗ್ಗಿನ ತಿಂಡಿ ಮನೆಯಿಂದಲೇ ಬುತ್ತಿಯಲ್ಲಿ ಬರಲಿ. ನಾನು ಹೇಳಿದ ಆ ಹೋಟೆಲಿನವರು ಕೂತು ಬುತ್ತಿ ಬಿಚ್ಚಲು ಜಾಗ ಕೊಡುತ್ತಾರೆ, ಬಿಸಿ ಹಾಲು ಅವರದ್ದು. ಇಡ್ಲಿ, ಪುಂಡಿ, ಪತ್ತಿರಿ, ಚಪಾತಿ, ಒಗ್ಗರಣೆ ಅವಲಕ್ಕಿ ಯಾವುದೂ ಆದೀತು. ಹಸಿ ತೆಂಗಿನಕಾಯಿ ಚಟ್ನಿ ಮಾತ್ರ ಬೇಡ, ಮುಚ್ಚಿದ ಡಬ್ಬಿಯ ಬಿಸಿಗೆ ಬೇಗ ಹಳಸುತ್ತದೆ. ಚಟ್ನಿಪುಡಿ ಇಲ್ಲವೇ ಉಪ್ಪಿನಕಾಯಿ ಹಾಕಿ. ಮನೆಯಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರು, ಬಾಟಲಿಯ ಮೇಲೆ ಹೆಸರು ಬರೆದು.

ಕೈಯಲ್ಲಿ ದುಡ್ಡು ಕೊಡಬೇಡಿ. ಒಂದು ರೂಪಾಯಿಯೂ ಬೇಡ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಒಬ್ಬನ ಜೇಬಿನಲ್ಲಿ ಐನೂರು, ಇನ್ನೊಬ್ಬನ ಜೇಬಿನಲ್ಲಿ ಇಪ್ಪತ್ತು ಇದ್ದರೆ ಏನಾಗುತ್ತದೆ ಅಂತ ನಾನು ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ. ಊಟ, ಐಸ್‌ಕ್ರೀಮ್, ವಾಪಸ್ ಬರುವಾಗ ಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಎಲ್ಲವೂ ನೀವು ಕಟ್ಟುವ ಹಣದಲ್ಲೇ ಸೇರಿದೆ. ಆ ಹಣ ಕಟ್ಟಲು ಕಷ್ಟ ಇದ್ದವರು ನನ್ನ ಹತ್ತಿರ ಒಂದು ಮಾತು ಹೇಳಿ. ಪಿಟಿಎ ಹಣ ತೆಗೆದಿಟ್ಟಿದೆ. ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಅಂತ ಕ್ಲಾಸ್ ಟೀಚರಿಗೂ ತಿಳಿಯುವುದಿಲ್ಲ.

ಯಾವ ಮಗುವಿಗೆ ಏನು ಆಗುವುದಿಲ್ಲ ಅಂತ ಕೆಳಗಿನ ಚೀಟಿಯಲ್ಲಿ ಬಿಡಿಸಿ ಬರೆಯಿರಿ. ನೆಲಗಡಲೆ, ಸಿಗಡಿ, ಮೊಟ್ಟೆ, ಹಾಲು, ಗೋಡಂಬಿ ಯಾವುದಾದರೂ ಸರಿ. "ಸ್ವಲ್ಪ ತುರಿಕೆ ಬರುತ್ತೆ, ಅಷ್ಟೇ" ಅನ್ನುವಂಥದ್ದನ್ನೂ ಬರೆಯಿರಿ. ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳ ಹೆಸರು ಮೊದಲೇ ಗೊತ್ತಾದರೆ ಮುಂದಿನ ಸೀಟು ಕೊಡುತ್ತೇವೆ. ಒ.ಆರ್.ಎಸ್. ಪ್ಯಾಕೆಟ್ ನಮ್ಮ ಹತ್ತಿರ ಇರುತ್ತದೆ.

ಸಣ್ಣ ಮಕ್ಕಳಿಗೆ ಮನೆಯಲ್ಲಿ ಒಂದೆರಡು ಮಲಯಾಳಂ ಮಾತು ಕಲಿಸಿ ಕಳಿಸಿದರೆ ಒಳ್ಳೆಯದು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ಬಡಿಸುವವರ ಮುಂದೆ ಸುಮ್ನೆ ನಿಂತುಬಿಡುತ್ತಾರೆ. ಬೇಕು ಅನ್ನುವುದಿಲ್ಲ, ಸಾಕು ಅನ್ನುವುದಿಲ್ಲ. "ಚೋರ್" ಅಂದರೆ ಅನ್ನ, "ಮೋರ್" ಅಂದರೆ ಮಜ್ಜಿಗೆ, "ಚೂಡುವೆಳ್ಳಂ" ಅಂದರೆ ಬಿಸಿನೀರು, "ಮದಿ" ಅಂದರೆ ಸಾಕು. ಇಷ್ಟು ಬಂದರೆ ಹೊಟ್ಟೆ ತುಂಬ ಉಂಡು ಬರಬಹುದು. ಮಲಯಾಳಂ ಚೆನ್ನಾಗಿ ಬರುವ ಒಬ್ಬ ದೊಡ್ಡ ವಿದ್ಯಾರ್ಥಿಯನ್ನು ಪ್ರತಿ ಸಾಲಿಗೂ ಕೂರಿಸುತ್ತೇವೆ.

ಏಪ್ರಿಲ್, ಮೇ ರಜೆಯಲ್ಲಿ ನೀವು ಮನೆಯವರೆಲ್ಲ ಸೇರಿ ಹೋಗುವುದಿದ್ದರೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ. ಬಿಡದಿಯ ವಂಡರ್‌ಲಾದಂಥ ದೊಡ್ಡ ಪಾರ್ಕಿನಲ್ಲಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಎಳೆಮಗುವಿನ ಆಹಾರ, ಔಷಧಿ ಇದ್ದರೆ ಗೇಟಿನಲ್ಲಿ ಮೊದಲೇ ಹೇಳಿ ಕೇಳಿಕೊಳ್ಳಿ. ಒಳಗೆ ಹೋದ ಕೂಡಲೇ ಆಟಕ್ಕೆ ಓಡಬೇಡಿ. ಹತ್ತು ನಿಮಿಷ ತಿರುಗಿ ಎಲ್ಲಿ ಅನ್ನ ಸಿಗುತ್ತದೆ, ಎಲ್ಲಿ ನೆರಳಿದೆ, ಬೇಸಿನ್ ಎಲ್ಲಿ ಅಂತ ನೋಡಿಟ್ಟುಕೊಳ್ಳಿ. ಅಜ್ಜಿಯನ್ನು ಕರೆದುಕೊಂಡು ಹೋದರೆ ಅಜ್ಜಿಗೂ ಕೂರುವ ಜಾಗ ಅದೇ ಆಗುತ್ತದೆ.

ಪರಶ್ಶಿನಿಕಡವಿಗೇ ಹೋಗುವವರಿಗೆ ಇನ್ನೊಂದು ಮಾತು. ವಳಪಟ್ಟಣಂ ಹೊಳೆಯ ದಡದಲ್ಲಿ ಮುತ್ತಪ್ಪನ ಮಡಪ್ಪುರ, ಅಂದರೆ ಮುತ್ತಪ್ಪ ದೇವರ ಗುಡಿ ಇದೆ. ಅಲ್ಲಿ ಜಾತಿ, ಮತ ಕೇಳದೆ ಬಂದವರಿಗೆಲ್ಲ ಬೇಯಿಸಿದ ಪಯರು, ತೆಂಗಿನಕಾಯಿ ಚೂರು, ಚಹಾ ಕೊಡುತ್ತಾರೆ. ದುಡ್ಡಿಲ್ಲ. ಬಿಸಿ ಬಿಸಿ ಕಾಳು, ಖಾರ ಇಲ್ಲ, ಎಣ್ಣೆ ಇಲ್ಲ. ಹಸಿದ ಮಗುವಿಗೆ ಅದಕ್ಕಿಂತ ಒಳ್ಳೆಯ ತಿಂಡಿ ನಾನು ಆ ಊರಿನಲ್ಲಿ ಬೇರೆ ನೋಡಲಿಲ್ಲ. ನಮ್ಮ ಪ್ರವಾಸದಲ್ಲಿ ಅದನ್ನು ಸೇರಿಸಿಲ್ಲ, ಹೊತ್ತು ಸಾಲದು. ಮನೆಯವರೊಂದಿಗೆ ಹೋದಾಗ ನಿಮಗೆ ಇಷ್ಟವಿದ್ದರೆ ಹೋಗಿ. ಮುತ್ತಪ್ಪನಿಗೆ ಪ್ರೀತಿಯ ನಾಯಿಗಳು ಅಲ್ಲಿ ಓಡಾಡಿಕೊಂಡಿರುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ.

ರಾತ್ರಿ 8 ಗಂಟೆಯ ಹೊತ್ತಿಗೆ ಬಸ್ಸು ಶಾಲೆಗೆ ವಾಪಸ್ ಬರುತ್ತದೆ. ಮನೆಯಲ್ಲಿ ಗಂಜಿ ಮಾಡಿಟ್ಟಿರಿ. ಆ ಹೊತ್ತಿಗೆ ಮಕ್ಕಳಿಗೆ ಬೇರೆ ಏನೂ ಬೇಡ, ಉಂಡು ಮಲಗಿಬಿಡುತ್ತಾರೆ.

ಜನವರಿ 16, ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ಊಟದ ಪಟ್ಟಿಯಲ್ಲಿ ಏನಾದರೂ ಬದಲಾಗಬೇಕು ಅನಿಸಿದರೆ ಅಲ್ಲಿ ಹೇಳಿ, ಅಡುಗೆಯವರಿಗೆ ತಿಳಿಸಲು ಆಮೇಲೆ ಒಂದು ವಾರ ಇರುತ್ತದೆ. ಚೀಟಿಯನ್ನು ಅದೇ ದಿನ ತನ್ನಿ. ಬರಲು ಆಗದವರು ಮಗುವಿನ ಕೈಯಲ್ಲಿ ಮುಚ್ಚಿದ ಕವರಿನಲ್ಲಿ ಕಳಿಸಿ.

ನಿಮ್ಮ
ಮುಖ್ಯ ಶಿಕ್ಷಕಿ

(ಇಲ್ಲಿ ಹರಿದು ಕೊಡಿ)
ಮಗುವಿನ ಹೆಸರು, ತರಗತಿ:
ಆಗದ ಆಹಾರ, ತಿಂದರೆ ಏನಾಗುತ್ತದೆ:
ದಿನಾ ತೆಗೆದುಕೊಳ್ಳುವ ಔಷಧಿ:
ಬಸ್ಸಿನಲ್ಲಿ ವಾಂತಿ ಬರುತ್ತದೆಯೇ:
ಆ ದಿನ ಕರೆದರೆ ಸಿಗುವ ಫೋನ್ ನಂಬರ್:
ಪೋಷಕರ ಸಹಿ: