ಬೇಕರಿ ಸುತ್ತುವ ಗೆಳೆಯರಿಗೆ

ಮಾನ್ಯ ಸಂಪಾದಕರೇ,

ವಾರಾಂತ್ಯದಲ್ಲಿ ಗುಂಪು ಕಟ್ಟಿಕೊಂಡು ಬೇಕರಿ, ಹೋಟೆಲುಗಳ ರುಚಿ ನೋಡಲು ಹೊರಟವರು ಮೂರನೇ ಅಂಗಡಿಗೇ ಸುಸ್ತಾಗುತ್ತಾರೆ. ನಾಲ್ವರಿಗೆ ಒಂದೇ ತಿನಿಸು ಸಾಕು, ತಲಾ ಎರಡು ತುತ್ತು. ಸಪ್ಪೆ ಬ್ರೆಡ್ಡಿನಿಂದ ಶುರು ಮಾಡಿ, ಆಮೇಲೆ ಉಪ್ಪು-ಖಾರ, ಕೊನೆಗೆ ಸಿಹಿ. ಮೊದಲೇ ಕ್ರೀಮ್ ಕೇಕ್ ತಿಂದರೆ ಮುಂದಿನ ತಿನಿಸಿನ ಹದವಾದ ಸಿಹಿಯೂ ಸಪ್ಪೆ ಎನಿಸುತ್ತದೆ.

ಓವನ್‌ನಿಂದ ಆಗಷ್ಟೇ ಇಳಿದ ಬ್ರೆಡ್ ಕೊಯ್ಯಿಸಿಕೊಂಡು ‘ಒಳಗೆ ಬೆಂದಿಲ್ಲ’ ಎಂದು ಜಗಳ ಕಾಯುವುದು ಅನ್ಯಾಯ. ಬಿಸಿಯಿರುವಾಗ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ತಿರುಳು ಚಾಕುವಿಗೆ ಮೆತ್ತುತ್ತದೆ. ಒಂದು ಗಂಟೆಯಾದರೂ ಆರಲಿ.

ಪಫ್ ಅನ್ನು ಅಡ್ಡಲಾಗಿ ಕೊಯ್ದು ನೋಡಿ. ಪದರಗಳು ಬಿಡಿಬಿಡಿಯಾಗಿದ್ದು ನಡುವೆ ಪೊಳ್ಳಿರಬೇಕು. ತಳದಲ್ಲಿ ಹಿಟ್ಟು ಹಸಿಯಾಗಿ ಒತ್ತಿಕೊಂಡಿದ್ದರೆ ಲಟ್ಟಿಸುವಾಗಲೇ ಕೊಬ್ಬು ಕರಗಿ ಹಿಟ್ಟಿನಲ್ಲಿ ಸೇರಿಹೋಗಿರಬೇಕು, ಇಲ್ಲವೇ ಓವನ್ ಸಾಕಷ್ಟು ಕಾದಿರಲಿಕ್ಕಿಲ್ಲ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಬಾಯಿಯ ಶಾಖಕ್ಕೇ ಕರಗುತ್ತದೆ. ತಿಂದ ಮೇಲೆ ಅಂಗುಳಕ್ಕೆ ಮೇಣದಂತೆ ಅಂಟಿಕೊಂಡರೆ, ಬೋರ್ಡಿನಲ್ಲಿ ಏನೇ ಬರೆದಿರಲಿ, ಗಟ್ಟಿ ವನಸ್ಪತಿ ಬಳಸಿದ್ದಾರೆಂದೇ ಅನುಮಾನಿಸಬೇಕು.

ಹೋಟೆಲಿನಲ್ಲಿ ಕರಿದದ್ದನ್ನು ಬಂದ ಕೂಡಲೇ ತಿನ್ನಿ, ಫೋಟೊ ಆಮೇಲೆ! ಆವಿ ಒಳಗಿಂದ ಹೊರಗೆ ಬಂದು ಗರಿಗರಿ ಹೊರಪದರವನ್ನು ಮೆತ್ತಗಾಗಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಕಟ್ಟಿಸಿಕೊಂಡರಂತೂ ಕೇಳುವುದೇ ಬೇಡ.

ಉಳಿದ ಬ್ರೆಡ್ ಫ್ರಿಜ್ಜಿಗೆ ಬೇಡ, ಆ ತಂಪಿನಲ್ಲಿ ಅದು ಇನ್ನೂ ಬೇಗ ಬಿರುಸಾಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಹೋಳು ಮಾಡಿ ಫ್ರೀಜರಿನಲ್ಲಿಡಿ. ಕ್ರೀಮ್ ತುಂಬಿದ್ದನ್ನು ಮಾತ್ರ ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟುಕೊಂಡು ಸುತ್ತಬೇಡಿ. ಸುತ್ತಾಟದ ಕೊನೆಯ ಅಂಗಡಿಯಲ್ಲೇ ಅದನ್ನು ಕೊಳ್ಳಿ.

– ಒಬ್ಬ ಓದುಗ