ಸಂಗೀತ ಕಛೇರಿ ಊರಾಚೆ ಹೋಯಿತು, ಕೇಳುವವರು ವಾಪಸ್ ಬರುವುದು ಹೇಗೆ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ರಾಮನವಮಿ ಸಂಗೀತೋತ್ಸವ ಈ ಸಲ ದೇವಸ್ಥಾನದ ಬೀದಿಯ ಚಪ್ಪರದಲ್ಲಿ ನಡೆಯಲಿಲ್ಲ. ಸಾಗರ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಒಂದು ಕಲ್ಯಾಣ ಮಂಟಪಕ್ಕೆ ಹೋಯಿತು. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತಂತೆ. ಆದರೆ ಅದರಲ್ಲಿ ನಾವು ನೋಡುವುದು ಯಾವತ್ತು ಯಾರ ಹಾಡುಗಾರಿಕೆ, ಪಕ್ಕವಾದ್ಯ ಯಾರದು ಅಂತ ಅಷ್ಟೇ. ಸ್ಥಳ ಅಂತ ಬರೆದ ಕಡೆ ಯಾರು ಕಣ್ಣು ಹಾಕುತ್ತಾರೆ? ಮೊದಲ ದಿನ ಏಳೆಂಟು ಜನ ಹಳೇ ಜಾಗಕ್ಕೇ ಹೋಗಿ, ಖಾಲಿ ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು.

ಜಾಗ ಬದಲಾಯಿಸಲು ಆಯೋಜಕರು ಕೊಟ್ಟ ಮೊದಲ ಕಾರಣ ಮಳೆ. ಅದು ನಿಜ. ಯುಗಾದಿ ಕಳೆದರೆ ಶಿವಮೊಗ್ಗದಲ್ಲಿ ಸಂಜೆ ಗುಡುಗು ಯಾವಾಗ ಶುರುವಾಗುತ್ತದೋ ಹೇಳಲಾಗುವುದಿಲ್ಲ. ಹೋದ ವರ್ಷ ಆಲಾಪನೆ ಅರ್ಧಕ್ಕೆ ಬಂದಿತ್ತು, ಚಪ್ಪರದ ತಗಡಿನ ಮೇಲೆ ಮಳೆ ಬಿತ್ತು ನೋಡಿ, ಗಾಯಕರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಥಂಡಿಗೆ ಮೃದಂಗದ ಚರ್ಮ ಸಡಿಲಾಗಿ, ವಿದ್ವಾಂಸರು ಕಲ್ಲು ಹಿಡಿದು ತಟ್ಟಿ ತಟ್ಟಿ ಶ್ರುತಿ ಕೂಡಿಸುತ್ತಲೇ ಇದ್ದರು. ಮಳೆ ತರಿಸುತ್ತದೆ ಅನ್ನುವ ಅಮೃತವರ್ಷಿಣಿ ರಾಗ ಹಾಡಿದ್ದರೆ ಗಾಯಕರನ್ನೇ ಬೈಯಬಹುದಿತ್ತು. ಹಾಡಿದ್ದು ಕಲ್ಯಾಣಿ.

ಪಾರ್ಕಿಂಗ್ ವಿಷಯವೂ ಸರಿ. ಬೀದಿಯ ಎರಡೂ ಕಡೆ ಕಾರು ನಿಂತರೆ ಅಲ್ಲಿನ ಮನೆಯವರು ಗೇಟು ತೆಗೆಯುವ ಹಾಗಿರಲಿಲ್ಲ.

ಮೈಕಿನ ಕಾರಣ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಆದರೆ ನಮ್ಮ ಚಪ್ಪರದಲ್ಲಿ ಒಂಬತ್ತೂಕಾಲಿಗೆ ಮಂಗಳ ಹಾಡಿ, ಪಾನಕ ಕೋಸಂಬರಿ ಹಂಚಿ, ಒಂಬತ್ತೂವರೆಗೆ ದೀಪ ಆರಿಸುತ್ತಿದ್ದರು. ಹತ್ತು ಗಂಟೆಯ ಗೋಜಿಗೆ ಹೋದದ್ದೇ ಇಲ್ಲ. ತಮಾಷೆ ಏನೆಂದರೆ, ಮುಚ್ಚಿದ ಜಾಗ ಸಿಕ್ಕಿದ ಮೇಲೆ ಈಗ ಕಛೇರಿ ಹತ್ತೂಕಾಲಿನವರೆಗೆ ಎಳೆಯುತ್ತಿದೆ. ಆ ಹೊತ್ತಿಗೆ ಸಾಗರ ರಸ್ತೆಯಲ್ಲಿ ಸಿಟಿ ಬಸ್ಸು ಎಲ್ಲಿಂದ ತರೋಣ? ಆಟೊದವರು 'ವಾಪಸ್ ಖಾಲಿ ಬರಬೇಕು ಅಮ್ಮಾ' ಅಂತ ಹೋಗುವಾಗಲೇ ಜಾಸ್ತಿ ಕೇಳುತ್ತಾರೆ. ಬರುವಾಗ ಅವರು ಹೇಳಿದ್ದೇ ರೇಟು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸಂತೋಷ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡಲಿ?

ನಮ್ಮ ಕೇಳುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ವಾರ ಇದೇ ಗಲಾಟೆ. ಒಂದು ಪಂಗಡ 'ಸೊಳ್ಳೆ ಇಲ್ಲ, ಹಾರ್ನ್ ಇಲ್ಲ, ಇನ್ನೇನು ಬೇಕು' ಅಂದಿತು. ಇನ್ನೊಂದು ಪಂಗಡ 'ಇನ್ನು ಮೇಲೆ ಬರುವುದೇ ಇಲ್ಲ' ಅಂತ ಶಪಥ ಮಾಡಿತು. ಶಪಥ ಮಾಡಿದವರಲ್ಲಿ ಇಬ್ಬರನ್ನು ಮೂರನೇ ದಿನ ಮುಂದಿನ ಸಾಲಿನಲ್ಲೇ ಕಂಡೆ. ಪಿಟೀಲು ಅವರಿಗೆ ಪ್ರಾಣ, ಪಾಪ.

ನಾನೂ ನಾಲ್ಕು ದಿನ ಹೋದೆ. ಸುಳ್ಳು ಹೇಳಬಾರದು, ತಂಬೂರಿಯ ನಾದ ಅಷ್ಟು ಚೆನ್ನಾಗಿ ಕೇಳಿದ್ದು ನನಗೆ ಇದೇ ಮೊದಲು. ಮೆತ್ತನೆ ಕುರ್ಚಿ, ತಣ್ಣನೆ ಗಾಳಿ. ಆದರೆ ಅರ್ಧಕ್ಕರ್ಧ ಕುರ್ಚಿ ಖಾಲಿ. ಚಪ್ಪರದಲ್ಲಿ ತನಿ ಆವರ್ತನ, ಅಂದರೆ ಮೃದಂಗದವರು ತಾವೇ ನುಡಿಸುವ ಭಾಗ, ಶುರುವಾದರೆ ಜನ ಕಾಫಿಗೆ ಏಳುತ್ತಿದ್ದರು, ಲೋಟ ಹಿಡಿದು ಅಲ್ಲೇ ಕಂಬಕ್ಕೆ ಒರಗಿ ತಾಳ ಹಾಕುತ್ತಿದ್ದರು. ಇಲ್ಲಿ ಕಾಫಿ ಇರುವುದು ಕೆಳಗಿನ ಊಟದ ಮನೆಯಲ್ಲಿ. ಹೋದವರು ಹಾಗೇ ಹೊರಟುಬಿಡುತ್ತಾರೆ. ತಮಗೆ ಬೇಕಾದ ದೇವರನಾಮ ಬರೆದು ವೇದಿಕೆಗೆ ಚೀಟಿ ಕಳಿಸುತ್ತಿದ್ದ ಅಜ್ಜಂದಿರು ಒಬ್ಬರೂ ಕಾಣಲಿಲ್ಲ. ಮತ್ತೂರು, ಹೊಸಹಳ್ಳಿ ಕಡೆಯಿಂದ ಬರುತ್ತಿದ್ದವರೂ ಕಡಿಮೆ. ಕಾವ್ಯವನ್ನು ರಾಗವಾಗಿ ಓದುವ ಗಮಕ ಕೇಳಿ ಬೆಳೆದ ಕಿವಿ ಅವರದು, ಎಲ್ಲಿ ತಲೆದೂಗಬೇಕು ಅಂತ ಗೊತ್ತಿದ್ದವರು. ಅವರಿಗೆ ಈ ಮಂಟಪ ಊರಿನ ಇನ್ನೊಂದು ತುದಿ.

ನನಗೆ ಜಾಸ್ತಿ ಬೇಜಾರಾಗಿದ್ದು ಕುರ್ಚಿಯಲ್ಲಿ ಕೂರದೆ ಕೇಳುತ್ತಿದ್ದವರ ವಿಷಯಕ್ಕೆ. ಬೀದಿಯ ತುದಿಯಲ್ಲಿ ಹೂವು ಕಟ್ಟುತ್ತಾ ಕೂರುವ ಹೆಂಗಸಿಗೆ ಯಾವ ರಾಗದ ಹೆಸರೂ ಗೊತ್ತಿಲ್ಲ. ಆದರೆ ಹದಿನೈದು ದಿನದಲ್ಲಿ ಯಾವ ದಿನದ್ದು ಚೆನ್ನಾಗಿತ್ತು ಅಂತ ಕೇಳಿದರೆ ಆಕೆಯ ತೀರ್ಪು ತಪ್ಪುತ್ತಿರಲಿಲ್ಲ. ಆಟೊ ನಿಲ್ಲಿಸಿ ಸೀಟಿನಲ್ಲೇ ಕೂತು ಕೇಳುವವರು, ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುತ್ತಾ ಹತ್ತು ನಿಮಿಷ ನಿಲ್ಲುವವರು, ಮಹಡಿ ಮೇಲಿನ ವಯಸ್ಸಾದವರು. ಇವರ ಲೆಕ್ಕ ಯಾವ ಆಯೋಜಕರ ಪುಸ್ತಕದಲ್ಲೂ ಇರಲಿಲ್ಲ. ಈಗ ಗಾಜಿನ ಬಾಗಿಲ ಹೊರಗೆ ಸೆಕ್ಯುರಿಟಿಯವರು ಬಿಟ್ಟರೆ ಯಾರಿಲ್ಲ. ಅವರಿಗೂ ಒಳಗಿನದು ಕೇಳುವುದಿಲ್ಲ.

ಜಾಗ ಬದಲಾದರೆ ಉತ್ಸವವೇ ಮುಳುಗಿತು ಅನ್ನುವವಳು ನಾನಲ್ಲ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ನಮ್ಮ ಗದಗಿನ ಗಾಯಕ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಬಹಳ ಕಾಲ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆದು, 2018ರಲ್ಲಿ ಮುಕುಂದನಗರಕ್ಕೆ ಹೋಯಿತು. ನಿಂತೇನೂ ಹೋಗಲಿಲ್ಲ. ಆದರೆ ಅದು ಪುಣೆ ನಗರದೊಳಗೇ ಇದೆ. ಬೆಂಗಳೂರಿನಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿ ಕಛೇರಿಗಳ ಹೆಸರೆತ್ತಿದರೆ ಇವತ್ತಿಗೂ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರವೇ ಕಣ್ಣ ಮುಂದೆ ಬರುತ್ತದೆ. ದೊಡ್ಡ ಊರಿನವರೇ ಊರ ನಡುವೆ ಚಪ್ಪರ ಹಾಕಿದ್ದಾರೆ, ನಮ್ಮ ಶಿವಮೊಗ್ಗಕ್ಕೆ ಆಗದೇ?

ಕುವೆಂಪು ರಂಗಮಂದಿರ ಊರೊಳಗೇ ಇದೆಯಲ್ಲ ಅಂತ ಕೆಲವರು ಕೇಳಿದರು. ಹದಿನೈದು ದಿನ ಒಂದೇ ಸಮ ಸಿಗುವುದು ಕಷ್ಟ ಅಂತ ನನಗೂ ಅನ್ನಿಸುತ್ತದೆ.

ಹಾಗಾಗಿ ಮುಂದಿನ ವರ್ಷಕ್ಕೆ ನಾನು ಕೇಳುವುದು ದೊಡ್ಡದೇನಲ್ಲ. ಮೊದಲ ದಿನದ್ದು ಮತ್ತು ಕೊನೇ ದಿನದ್ದಾದರೂ ಹಳೇ ಬೀದಿಯಲ್ಲಿ ಮಾಡಲಿ. ಮಳೆ ಬಂದರೆ ಬರಲಿ, ನೆನೆಯುವವರು ನೆನೆಯುತ್ತೇವೆ. ಉಳಿದ ದಿನ ಮಂಟಪದಲ್ಲೇ ಆಗಲಿ, ಆದರೆ ಐದೂವರೆಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸಲಿ. ಸ್ವಾಗತ ಭಾಷಣ, ಹಾರ, ಶಾಲು, ಪ್ರಾಯೋಜಕರ ಮಾತು ಇಷ್ಟಕ್ಕೇ ಮುಕ್ಕಾಲು ಗಂಟೆ ಹೋಗುತ್ತಿದೆ. ಅದನ್ನು ಕಡಿದರೆ ಸಾಕು, ಯಾವ ಕೃತಿಯನ್ನೂ ಬಿಡಬೇಕಿಲ್ಲ. ಮತ್ತೆ ದುರ್ಗಿಗುಡಿಯಿಂದ ಒಂದು ಮಿನಿ ಬಸ್ಸು ಗೊತ್ತು ಮಾಡಲಿ. ಬಿಟ್ಟಿ ಬೇಡ. ಹೋಗಿ ಬರುವುದಕ್ಕೆ ತಲೆಗೆ ಮೂವತ್ತು ರೂಪಾಯಿ ಅಂತ ಇಟ್ಟರೂ ತುಂಬುತ್ತದೆ. ನಮ್ಮ ಬೀದಿಯಲ್ಲಿ ಸುಮ್ನೆ ಬಾಯಿಮಾತಲ್ಲಿ ಕೇಳಿ ನೋಡಿದೆ, ಹದಿನೇಳು ಜನ ಈಗಲೇ ಹೆಸರು ಕೊಟ್ಟಿದ್ದಾರೆ. ಹೂವಿನಾಕೆಯದು ಹದಿನೆಂಟನೇ ಹೆಸರು. ಆಕೆಯ ಟಿಕೆಟ್ಟು ನನ್ನ ಲೆಕ್ಕಕ್ಕೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ದುರ್ಗಿಗುಡಿ, ಶಿವಮೊಗ್ಗ