ನಿನ್ನೆ ರಾಶಿ ನಾನೇ ಅಳೆದೆ ಕಣೇ

ಪುಟ್ಟಿ,

ಊಟ ಆಯ್ತಾ? ನೈಟ್ ಡ್ಯೂಟಿ ಅಂದಿದ್ದೆ ಅಂತ ಫೋನ್ ಮಾಡ್ಲಿಲ್ಲ, ಫೋನಲ್ಲಿ ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ ಆಮೇಲೆ ನೀನೂ ಅಳ್ತೀಯ, ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಿದೀನಿ, ಬಿಡುವಾದಾಗ ನಿಧಾನಕ್ಕೆ ಓದ್ಕೋ.

ನಿನ್ನೆ ನಮ್ಮ ಗ್ರಾಮೀಣ ಬ್ಯಾಂಕಿನೋರು ಸ್ಕೂಲ್ ಮೈದಾನದಲ್ಲಿ ಸುಗ್ಗಿ ಹಬ್ಬ ಮಾಡಿದ್ರು. ಅಜ್ಜಿ ಇನ್ನೂ ಅದನ್ನ ಕಲ್ಪತರು ಬ್ಯಾಂಕು ಅಂತಾನೇ ಅಂತಾರೆ. ಅದು ಆಮೇಲೆ ಕಾವೇರಿ ಆಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿ, 2025ರ ಮೇನಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರ್ಕೊಂಡು ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಹೆಡ್ ಆಫೀಸು ಬಳ್ಳಾರಿ. ಬೋರ್ಡು ಎಷ್ಟು ಸಲ ಬದಲಾದ್ರೂ ಅಜ್ಜಿಗೆ ಅದು ತಾತ ಸೀಮೆಹಸಿಗೆ ಸಾಲ ತಂದ ಬ್ಯಾಂಕು, ಅಷ್ಟೇ.

ಮ್ಯಾನೇಜರ್ ಮೇಡಮ್ಮು ಹದಿನೈದು ದಿನ ಮುಂಚೇನೇ ಊರೂರಿಗೆ ಹೇಳಿ ಕಳ್ಸಿದ್ರು, ಮನೆಗೊಂದು ಸೇರು ಹೊಸ ರಾಗಿ ತನ್ನಿ ಇನ್ನೇನೂ ಬೇಡ ಅಂತ. ಹುಡುಗ್ರು ಮೈದಾನದ ಒಂದು ಮೂಲೆಲಿ ಹಿಂದಿನ ಕಾಲದ ಹಾಗೆ ನೆಲ ಕೆತ್ತಿ ಸಗಣಿ ಹಾಕಿ ಸಾರಿಸಿ ಕಣ ಮಾಡಿದ್ರು, ಈಗ ನಾವೆಲ್ಲಾ ರಸ್ತೆ ಮೇಲೆ ತೆನೆ ಹರಡಿ ಇಲ್ಲಾ ಮೆಷಿನ್ ಕರ್ಸಿ ಒಕ್ಕಣೆ ಮುಗಿಸ್ತೀವಲ್ಲ, ನಿಮ್ಮ ವಯಸ್ಸಿನ ಎಷ್ಟೋ ಮಕ್ಕಳು ಕಣ ನೋಡಿದ್ದೇ ನಿನ್ನೆ ಮೊದಲು. ಎಲ್ಲರ ಮನೆ ರಾಗೀನೂ ಸುರಿದು ಒಂದೇ ರಾಶಿ ಮಾಡಿ, ಮೇಲೆ ಸಗಣಿ ಬೆನಕ ಇಟ್ಟು ಗರಿಕೆ ಹುಚ್ಚೆಳ್ಳು ಹೂವು ಸಿಕ್ಕಿಸಿದ್ರು. ಯಾರ ಮನೆ ರಾಗಿ ಯಾವುದು ಅಂತ ಗೊತ್ತೇ ಆಗಲ್ಲ, ಅದನ್ನ ನೋಡ್ತಾ ನಿಂತುಬಿಟ್ಟೆ.

ನಮ್ಮ ಕಣದಲ್ಲಿ ಈ ವರ್ಷಾನೂ ಪೂಜೆ ಮಾಡಿದ್ದು ನಿಮ್ಮ ಚಿಕ್ಕಪ್ಪಾನೇ. ನಾನು ಬದುವಿನ ಹತ್ರ ನಿಂತಿದ್ದೆ. ಗಂಡ ಇಲ್ಲದೋಳು ರಾಶಿ ಮುಟ್ಟಬಾರ್ದು ಅಂತ ನಮ್ಮ ಕಡೆ ಇರೋದು ನಿಂಗೆ ಗೊತ್ತಲ್ಲ, ಯಾರೂ ಬಾಯಿ ಬಿಟ್ಟು ಹೇಳಲ್ಲ, ನಾವೇ ದೂರ ನಿಂತ್ಕೋತೀವಿ. ಉತ್ತಿದ್ದು ಬಿತ್ತಿದ್ದು ಕಳೆ ತೆಗೆದಿದ್ದು ಕುಯ್ದಿದ್ದು ಎಲ್ಲಾ ಮುಟ್ಟಿದ ಕೈಯೇ, ರಾಶಿ ಆದ್ಮೇಲೆ ಮಾತ್ರ ಆಗಲ್ಲ.

ಅದಿರಲಿ, ಮೊದಲು ಮೈಕಿನ ವಿಷಯ ಹೇಳ್ತೀನಿ. ಮೇಡಮ್ಮು ಸಾಲದ ಲೆಕ್ಕ ಹೇಳಿದ್ರು, ಕಿಸಾನ್ ಕಾರ್ಡಲ್ಲಿ 3 ಲಕ್ಷದವರೆಗೆ ಶೇಕಡಾ 7 ಬಡ್ಡಿ, ವಾಯಿದೆ ಒಳಗೆ ಕಟ್ಟಿದ್ರೆ 3 ವಾಪಸ್, ಅಂದ್ರೆ 4 ಬಿತ್ತು. ಅಪ್ಪನ ಆಸ್ಪತ್ರೆಗೆ ಅಂತ ನಾನು ಕೈಸಾಲ ತಂದಿದ್ದು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಿಂಗಳಿಗೆ, ವರ್ಷಕ್ಕೆ 36 ಆಯ್ತು ನೋಡು. ಆಮೇಲೆ ಇದ್ದಕ್ಕಿದ್ದಂಗೆ ನನ್ನ ಹೆಸರು ಕರೆದ್ರು. ಇಂಥವರ ಹೆಂಡ್ತಿ ಅಂತಲ್ಲ, ಇಂಥವಳ ಅಮ್ಮ ಅಂತಲ್ಲ, ಪಾಸ್‌ಬುಕ್ಕಲ್ಲಿ ಇರೋ ಹಾಗೆ ಇನಿಶಿಯಲ್ ಸಮೇತ ನನ್ನ ಹೆಸರು. ಬಂದು 436 ರೂಪಾಯಿ ಕಥೆ ಹೇಳಿ ಅಂದ್ರು.

ಕೈ ನಡುಗ್ತಿತ್ತು ಆದ್ರೂ ಹೇಳಿದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಪ್ಪನ ಅಕೌಂಟಿಂದ 436 ಕಟ್ ಆಗೋದು, ಬ್ಯಾಂಕಿನೋರು ಸುಮ್ಸುಮ್ನೆ ದುಡ್ಡು ಮುರ್ಕೋತಾರೆ, ಹೋಗಿ ಕೇಳಬಾರ್ದಾ ಅಂತ ನಾನು ಅಪ್ಪನ ಜೊತೆ ಜಗಳ ಆಡಿದ್ದೆ. ಅಪ್ಪ ಏನೂ ಅಂದಿರ್ಲಿಲ್ಲ, ಇರ್ಲಿ ಬಿಡು ಅಂದಿದ್ರು. ಅದು ಜೀವನ್ ಜ್ಯೋತಿ ಇನ್ಶೂರೆನ್ಸು ಅಂತ ನಂಗೆ ಗೊತ್ತಾಗಿದ್ದು ಅಪ್ಪ ಹೋದ್ಮೇಲೆ, ಅಕೌಂಟ್ ಕ್ಲೋಸ್ ಮಾಡ್ಸೋಕೆ ಹೋದಾಗ ಕೌಂಟರಲ್ಲಿದ್ದ ಹುಡುಗ ಪಾಸ್‌ಬುಕ್ ತಿರುವಿ ಆ ಲೈನ್ ಮೇಲೆ ಬೆರಳಿಟ್ಟು, ಅಮ್ಮಾ ಇದಕ್ಕೆ ಕ್ಲೈಮ್ ಹಾಕಿದೀರಾ ಅಂತ ಕೇಳ್ದ. ಅವನು ಕೇಳದೆ ಇದ್ದಿದ್ರೆ ನಾನು ಸೈನ್ ಹಾಕಿ ಎದ್ದು ಬಂದಿರ್ತಿದ್ದೆ. 2 ಲಕ್ಷ ಬಂತು, ಕೈಸಾಲ ತೀರ್ತು, ನಿನ್ನ ಕೊನೇ ವರ್ಷದ ಫೀಸೂ ಅದರಲ್ಲೇ ಕಟ್ಟಿದ್ದು. ಇಷ್ಟೇ ಹೇಳಿದ್ದು ನಾನು. ಇಳಿದು ಬಂದ್ರೆ ಹೆಂಗಸರೆಲ್ಲಾ ಸುತ್ಕೊಂಡ್ರು, ಅಕ್ಕಾ ನಮ್ಮದ್ರಲ್ಲಿ ಇದ್ಯಾ ನೋಡು, ನಮ್ಮೆಜಮಾನ್ರದ್ದು ನೋಡು ಅಂತ, ಸೆರಗಲ್ಲಿ ಬ್ಯಾಗಲ್ಲಿ ಇಟ್ಟಿದ್ದ ಪಾಸ್‌ಬುಕ್ಕೆಲ್ಲಾ ಆಚೆಗೆ ಬಂತು, ಮೇ ತಿಂಗಳ ಪೇಜು ಹುಡುಕೋದೇ ಕೆಲಸ. ಕೆಲವರದ್ದು ಅಕೌಂಟಲ್ಲಿ ದುಡ್ಡಿಲ್ದೆ ಕಟ್ ಆಗೇ ಇರ್ಲಿಲ್ಲ. 50 ವರ್ಷದ ಒಳಗಿನೋರು ಸೇರ್ಬೋದು, 20 ರೂಪಾಯಿಂದು ಆಕ್ಸಿಡೆಂಟ್ ಇನ್ಶೂರೆನ್ಸ್ ಆದ್ರೆ 70ರವರೆಗೂ ಅಂತ ಆ ಹುಡುಗ ಅಲ್ಲೇ ಫಾರಂ ಬರ್ಕೊಂಡ.

ಆಮೇಲೆ ರಾಶಿ ಪೂಜೆ. ಮೊದಲನೇ ಸೇರು ಯಾರು ಅಳೀತಾರೆ ಅಂತ ಬಂದಾಗ ಮೇಡಮ್ಮು ನನ್ನ ಕಡೆ ನೋಡಿದ್ರು, ಈ ವರ್ಷ ಪಹಣಿ ಇವರ ಹೆಸರಿಗೆ ಆಗಿ ಹೊಸದಾಗಿ ಬೆಳೆಸಾಲ ತಗೊಂಡಿದ್ದಾರೆ ಇವರೇ ಅಳೀಲಿ ಅಂತ. ಅಪ್ಪನ ಜಮೀನು ನನ್ನ ಹೆಸರಿಗೆ ಮಾಡ್ಸೋ ಆ ಪೌತಿ ಖಾತೆಗೆ ಅಂತ ಎಂಟು ತಿಂಗಳು ಅಲೆದಿದ್ದು ನಿಂಗೆ ಗೊತ್ತೇ ಇದೆ, ಆ ಆಫೀಸಿನ ಮಾತು ಈಗ ಬೇಡ. ನಾನು ಹಿಂದಕ್ಕೆ ಸರಿದೆ. ಹಿಂದೆ ಯಾರೋ ಗುಸುಗುಸು ಅಂದ್ರು. ಆಗ ಅಜ್ಜಿ, ನಮ್ಮ ಅಜ್ಜಿ ಕಣೇ, ಮಂಡಿ ನೋವು ಅಂತ ಚೇರ್ ಮೇಲೆ ಕೂತಿದ್ದೋರು ಎದ್ದು ಬಂದು, ಸೇರು ತಗೊಂಡು ನನ್ನ ಕೈಗೆ ತುರುಕಿ, ಅವಳು ಬೆಳೆದ ರಾಗಿ ಅವಳಲ್ದೆ ಇನ್ಯಾರು ಅಳೀತಾರೆ ಅಂದ್ರು. ಜೋರಾಗೇನೂ ಅಲ್ಲ. ಎಲ್ಲರೂ ಸುಮ್ಮನಾದ್ರು.

ರಾಗಿ ತಣ್ಣಗಿತ್ತು. ಸೇರು ತುಂಬಿ ಮೇಲೆ ಕೈ ಸವರಿ ಮೊರಕ್ಕೆ ಸುರಿದೆ. ಅಪ್ಪ ಅಳೆಯೋವಾಗ ಒಂದು ಅಂತಿರ್ಲಿಲ್ಲ ಲಾಭ ಅಂತಿದ್ರು, ಲಾಭ ಆಮೇಲೆ ಎರಡು ಮೂರು, ನೀನು ಚಿಕ್ಕೋಳಿದ್ದಾಗ ಸ್ಕೂಲಲ್ಲೂ ಹಂಗೇ ಎಣಿಸಿ ಮೇಷ್ಟ್ರು ಮನೆಗೆ ಹೇಳಿ ಕಳ್ಸಿದ್ರಲ್ಲ. ನಂಗೆ ಬಾಯಿಂದ ಮಾತೇ ಹೊರಡ್ಲಿಲ್ಲ. ಪಕ್ಕದಲ್ಲಿ ಅಜ್ಜೀನೇ ಅಂದ್ರು, ಲಾಭ.

ಊಟಕ್ಕೆ ಮುದ್ದೆ, ಹಿತ್ಕಬೇಳೆ ಸಾರು, ಸಿಹಿ ಪೊಂಗಲ್. ಮೇಡಮ್ಮೂ ನೆಲದ ಮೇಲೇ ಕೂತು ಉಂಡ್ರು. ಅಜ್ಜಿ ಎರಡು ಸಲ ಸಾರು ಹಾಕಿಸ್ಕೊಂಡ್ರು. ರಾಶಿಯ ರಾಗಿ ಅಂಗನವಾಡಿಗೆ ಕೊಟ್ವಿ. ನಮ್ಮ ರಾಗಿ ಖರೀದಿ ಕೇಂದ್ರಕ್ಕೆ ಬಿಡೋದು ಅಂತಿದೀನಿ, 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4886, ರೈತರ ನೋಂದಣಿಯ ಫ್ರೂಟ್ಸ್ ಐಡಿನೂ ನನ್ನ ಹೆಸರಿಗೇ ಆಗಿದೆ, ದುಡ್ಡು ಬರೋದು ಲೇಟಾದ್ರೂ ವಾಯಿದೆ ತಪ್ಪಿಸಲ್ಲ.

ಇನ್ನೊಂದು ಪುಟ್ಟಿ. ಮನೆಗೆ ಬಂದು ನಿನ್ನ ಹಳೇ ಫೈಲ್ ತೆಗೆದು ನೋಡ್ತಿದ್ದೆ. ನೀನು ಕಾಲೇಜಿಗೆ ಸೇರಿದಾಗ ಅಪ್ಪ ಜೊತೇಲಿ ಬಂದು ಅಕೌಂಟ್ ಮಾಡ್ಸಿದ್ರಲ್ಲ, ಅದರ ನಾಮಿನಿ ಕಾಲಂ ಅಪ್ಪನ ಅಕ್ಷರದಲ್ಲೇ ಇದೆ, ಅವರ ಹೆಸರೇ ಇದೆ. ರಜಾ ಸಿಕ್ಕಿದ ದಿನ ಬ್ಯಾಂಕಿಗೆ ಹೋಗಿ ಬದಲಾಯಿಸು, ಕಷ್ಟ ಆಗುತ್ತೆ ನಂಗೊತ್ತು ಆದ್ರೂ ಬದಲಾಯಿಸು. ಆ ಜೆರಾಕ್ಸ್ ಮಾತ್ರ ನಾನು ಕೊಡಲ್ಲ, ನನ್ನ ಹತ್ರಾನೇ ಇರ್ಲಿ.

ಬಿಸಿನೀರು ಕುಡಿ, ರಾತ್ರಿ ಹೊತ್ತು ಬರೀ ಟೀ ಕುಡ್ಕೊಂಡು ಇರಬೇಡ.

ನಿನ್ನ
ಅಮ್ಮ